ಆಂಟೆನಾಕ್ಕೊಂದು ತಕ್ಕ ಕಂಬ
ಹವ್ಯಾಸಿ ರೇಡಿಯೋದಲ್ಲಿ ಆಸಕ್ತರಾದ ನಮ್ಮ ತರುಣರು ಯಂತ್ರದ ಆಯ್ಕೆಯಲ್ಲಿ ತೋರುವ ಶ್ರದ್ಧೆಯನ್ನು ಆಂಟೆನಾವನ್ನು ಹೊರುವ ಕಂಬದ ವಿಷಯದಲ್ಲಿ ತೋರದಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. 14 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 21 ಮೀಟರು. ಅದರ ಅರ್ಧದಷ್ಟು ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ತಂತಿಯೇ ದೂರದೇಶಗಳೊಡನೆ ಸಂಭಾಷಿಸಲು ಸಮರ್ಥವಾಗಿರುವುದರಿಂದ, ಎರಡಂತಸ್ತಿನ ಮನೆಯ ತಾರಸಿಯ ಮೇಲೆ ಗಗನಚುಂಬಿಯಾದ ಸ್ತಂಭವನ್ನು ನಿಲ್ಲಿಸುವ ಹಂಬಲ ಅನಾವಶ್ಯಕವೆಂದೇ ನನ್ನ ಮತ. ಗಾಳಿಯ ವೇಗ ಇಮ್ಮಡಿಯಾದಾಗ ಕಂಬದ ಮೇಲಣ ಒತ್ತಡ ನಾಲ್ಮಡಿಯಾಗುವುದೆಂಬುದನ್ನು ನೆನೆದು, ನಾಲ್ಕೈದು ಮೀಟರಿನ ಜಿ.ಐ. ಪೈಪನ್ನು ಮೂರು ದಿಕ್ಕುಗಳಿಗೆ ಸಮಾನ ಅಂತರದಲ್ಲಿ ಬಿಗಿದ ಹಗ್ಗಗಳಿಂದ ಭದ್ರಪಡಿಸಿ, ಸಿಡಿಲಿನ ಭಯಕ್ಕೆ ಅರ್ಥಿಂಗ್ ಮಾಡಿಸಿದರೆ ಗೃಹಸ್ಥನಿಗೆ ಅಷ್ಟೇ ಸಾಕು. ಆದರೆ ಕಂಬವು ಯಾವ ಕಡೆಗೆ ಉರುಳಿದರೂ ಬೀದಿಯ ವಿದ್ಯುತ್ ತಂತಿಯನ್ನು ಮುಟ್ಟಬಾರದು. ಇದರಲ್ಲಿ ರಿಯಾಯಿತಿಯೇ ಇಲ್ಲ.

ಬೆಟ್ಟವನ್ನೇರಿ ಮಾತನಾಡಬಯಸುವವರಿಗೆ ಒಂದರೊಳಗೊಂದು ಸೇರಿಕೊಳ್ಳುವ ಫೈಬರ್‌ಗ್ಲಾಸ್ ಕೋಲು ಉತ್ತಮ. ಕಾರ್ಬನ್ ಫೈಬರಿನದು ಹಗುರವೇನೋ ಹೌದು, ಆದರೆ ಅದು ವಿದ್ಯುದ್ವಾಹಕವಾದುದರಿಂದ ಅದಕ್ಕೆ ಸುತ್ತಿದ ತಂತಿಯ ವರ್ತನೆಯನ್ನೇ ಕೆಡಿಸೀತು. ಇವೆರಡರ ಬೆಲೆಗೂ ಅಂಜುವ ವಿದ್ಯಾರ್ಥಿಗೆ ನಮ್ಮ ಮಲೆನಾಡಿನ ಚೆನ್ನಾಗಿ ಒಣಗಿದ ಬಿದಿರ ಗಳವನ್ನೇ ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಸೀಳಿದ್ದರೆ ಮಾತ್ರ ಬೇಡ, ಗೆಣ್ಣುಗಳನ್ನು ಕೈಯಿಂದ ತಡವಿ ನೋಡಿಯೇ ಕೊಳ್ಳಬೇಕು.