ಹಿಂದಿ ಬರಲಿಲ್ಲ ಅನ್ನೋ ನೆಪ

ಮೊನ್ನೆ ಭಾನುವಾರ ಕರ್ನಾಟಕ ಭವನದಲ್ಲಿ ಇಡ್ಲಿ ತಿನ್ನುತ್ತಾ ಕೂತಿದ್ದೆ. ಗುರುಗ್ರಾಮದಲ್ಲಿ ಕೆಲಸ ಮಾಡುವ ಹಾವೇರಿ ಕಡೆಯ ಹುಡುಗನೊಬ್ಬ ಎದುರಿಗೆ ಬಂದು ಕೂತ. ಮಾತು ರಾಜಕೀಯಕ್ಕೆ ತಿರುಗಿತು (ಈ ಊರಲ್ಲಿ ಇಬ್ಬರು ಕನ್ನಡಿಗರು ಕೂತರೆ ಇನ್ನೆಲ್ಲಿಗೆ ತಿರುಗೀತು!). "ನಮ್ಮ ಮಂದಿ ದಿಲ್ಲಿಯೊಳಗ ಯಾಕ ನಿಲ್ಲೂದಿಲ್ರೀ ಸರ?" ಅಂತ ಕೇಳಿದ.

ನಾನು ಇಲ್ಲಿಗೆ ಬಂದು 38 ವರ್ಷ. ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು. ನಮ್ಮವರಿಗೆ ಹಿಂದಿ ಬರಲ್ಲ, ಉತ್ತರದವರು ಸೇರಿಸಿಕೊಳ್ಳಲ್ಲ, ನಾವು ಸಾಧು ಜನ. ಈ ಉತ್ತರ ಕೊಟ್ಟೂ ಕೊಟ್ಟೂ ನನಗೇ ಹೇಸಿಗೆ ಬಂದಿದೆ ಸ್ವಾಮಿ. ಅದು ನೆಪ. ಕಾಶಿ ವಿದ್ಯಾಪೀಠದಲ್ಲಿ ಓದಿದ ರಾಮಕೃಷ್ಣ ಹೆಗಡೆಯವರಿಗೆ ಹಿಂದಿ ಬರುತ್ತಿರಲಿಲ್ಲವೇ? ಅವರೇನು ಪ್ರಧಾನಿ ಆದರೇ?

1996ರ ಜೂನ್ 1 ನನಗೆ ಚೆನ್ನಾಗಿ ನೆನಪಿದೆ. ದೇವೇಗೌಡರು ಪ್ರಮಾಣವಚನ ತೆಗೆದುಕೊಂಡ ದಿನ. ನಾನು ಅಕ್ಕಪಕ್ಕದ ಮನೆಗಳಿಗೆಲ್ಲ ಮೈಸೂರು ಪಾಕ್ ಹಂಚಿದೆ. "ಯೇ ದೇವೇಗೌಡಾ ಕೌನ್ ಹೈ ಜೀ?" ಅಂತ ಕೇಳಿಕೊಂಡೇ ತಿಂದರು. ಕೆಲಸ ಆಗಲಿಲ್ಲ ಅನ್ನಬೇಡಿ. ಜಮ್ಮು ಕಾಶ್ಮೀರದಲ್ಲಿ ವರ್ಷಗಳ ನಂತರ ವಿಧಾನಸಭೆ ಚುನಾವಣೆ ನಡೆದದ್ದು ಆಗಲೇ. ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದ ಆದದ್ದು, ಮಹಿಳಾ ಮೀಸಲಾತಿ ಮಸೂದೆ ಮೊದಲ ಸಲ ಸಂಸತ್ತಿಗೆ ಬಂದದ್ದು ಎರಡೂ 1996ರಲ್ಲೇ. ಇಷ್ಟಾಗಿಯೂ 1997ರ ಮಾರ್ಚ್ 30ರಂದು ಸೀತಾರಾಂ ಕೇಸರಿ ಬೆಂಬಲ ಹಿಂದಕ್ಕೆ ತಗೊಂಡರು, ಏಪ್ರಿಲ್ 11ರಂದು ವಿಶ್ವಾಸಮತ ಬಿದ್ದುಹೋಯಿತು.

ನಾವೆಲ್ಲ ಕೇಸರಿಯವರನ್ನು ಬೈದೆವು. ಆದರೆ ಗೌಡರು ಪ್ರಧಾನಿಯಾದ ತಿಂಗಳಲ್ಲೇ ಹೆಗಡೆಯವರನ್ನು ಜನತಾದಳದಿಂದ ಹೊರಹಾಕಿದರಲ್ಲ, ಅದನ್ನು ಯಾವ ಉತ್ತರದವನು ಮಾಡಿಸಿದ? ಪಕ್ಷದ ಅಧ್ಯಕ್ಷರು ಲಾಲು ಪ್ರಸಾದರು, ನಿಜ. ಜಗಳ ಮಾತ್ರ ನಮ್ಮ ಮನೆಯದೇ. ಹೆಗಡೆ ಸುಮ್ಮನಿದ್ದರೆಂದು ನಾನು ಹೇಳುತ್ತಿಲ್ಲ, ಅವರ ನಾಲಿಗೆಯೂ ಹರಿತ. ಹೊರಗೆ ಹೋದವರು ಲೋಕಶಕ್ತಿ ಕಟ್ಟಿ ಬಿಜೆಪಿ ಜೊತೆ ಸೇರಿದರು. 1996ರ ಲೋಕಸಭೆಗೆ ಕರ್ನಾಟಕದಿಂದ 16 ಜನರನ್ನು ಕಳಿಸಿದ್ದ ಜನತಾದಳ 1998ರಲ್ಲಿ 3ಕ್ಕೆ ಇಳಿಯಿತು. ಬಿಜೆಪಿ 6ರಿಂದ 13ಕ್ಕೆ ಏರಿತು. ಒಬ್ಬ ಸಮಾನನನ್ನು ಮನೆಯೊಳಗೆ ಸಹಿಸಲಾಗದ್ದಕ್ಕೆ ಕಟ್ಟಿದ ಬೆಲೆ ಇದು.

ಇದು ಮೊದಲ ಸಲವೂ ಅಲ್ಲ. 1985ರಲ್ಲಿ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ. ಆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಇದ್ದರು. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಡುವ ಅವರ ಯೋಜನೆಯನ್ನು ಹೆಗಡೆ ನಡೆಯಲು ಬಿಟ್ಟರು, 1987ರಲ್ಲಿ ಚುನಾವಣೆಯೂ ಆಯಿತು. ಮಂತ್ರಿ ತನಗಿಂತ ಹೆಚ್ಚು ಹೆಸರು ಮಾಡಿದನಲ್ಲಾ ಅಂತ ಮುಖ್ಯಮಂತ್ರಿ ಹೊಟ್ಟೆ ಉರಿದುಕೊಳ್ಳಲಿಲ್ಲ. ಹೆಗಡೆಯವರ ಬಗ್ಗೆ ನನಗಿರುವ ಗೌರವ ಬಹುಪಾಲು ಇದೊಂದಕ್ಕೇ. ಆಮೇಲೆ? 1988ರಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲಿ ಅವರು ರಾಜೀನಾಮೆ ಕೊಟ್ಟರು, ಬೊಮ್ಮಾಯಿ ಬಂದರು, ಗೌಡರು ಬೇರೆ ದಾರಿ ಹಿಡಿದರು. 1989ರ ಚುನಾವಣೆಯಲ್ಲಿ ಜನತಾದಳಕ್ಕೆ ಸಿಕ್ಕಿದ್ದು 24. ಗೌಡರು ನಿಂತ ಎರಡೂ ಕಡೆ ಸೋತರು. 1994ರಲ್ಲಿ ಮೂವರೂ ಒಟ್ಟಿಗೆ ಬಂದಾಗ ಜನ 115 ಕೊಟ್ಟು ಗೆಲ್ಲಿಸಿದರು. ಪಾಪ, ಜನಕ್ಕೆ ಇನ್ನೆಷ್ಟು ಸಲ ಪಾಠ ಹೇಳಿಕೊಡಲು ಆಗುತ್ತೆ?

ದೊಡ್ಡ ಮನುಷ್ಯರೆಲ್ಲ ಹೀಗೇ ಅಲ್ಲವಾ ಅಂತೀರಾ? ಆ ಹುಡುಗ ಗುರುಗ್ರಾಮದಿಂದ ಬಂದದ್ದು ಮೆಟ್ರೋ ಹತ್ತಿ. ಅದನ್ನು ಕಟ್ಟಿಸಿದ ಇ. ಶ್ರೀಧರನ್ ಅವರನ್ನು ನೋಡಿ. 2009ರ ಜುಲೈ 12ರಂದು ಜಮರುದ್‌ಪುರದಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಜನ ಸತ್ತರು. ಅವತ್ತೇ ಅವರು ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒಪ್ಪಲಿಲ್ಲ, ಆ ಮಾತು ಬೇರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು 2011ರ ಕೊನೆಯ ದಿನ. ಅವರು ಕುರ್ಚಿ ಬಿಟ್ಟರು, ಅಲ್ಲೇ ಕೆಲಸ ಮಾಡಿ ಬೆಳೆದ ಮಂಗೂ ಸಿಂಗ್ ಕೂತರು, ಮರುದಿನ ರೈಲು ಎಂದಿನಂತೆ ಓಡಿತು. ಅದೇ ಶ್ರೀಧರನ್ 2021ರಲ್ಲಿ ಪಾಲಕ್ಕಾಡಿನಲ್ಲಿ ಚುನಾವಣೆಗೆ ನಿಂತು ಸೋತರು. ಓಟು ಕೇಳೋದು ಬೇರೆಯೇ ವಿದ್ಯೆ, ಒಪ್ಪಿದೆ. ಆದರೆ ಆ ವಿದ್ಯೆ ಬಂದವರಿಗೆ ಪಕ್ಕದಲ್ಲಿ ಇನ್ನೊಬ್ಬ ಬೆಳೆಯೋದನ್ನು ನೋಡುವ ತಾಳ್ಮೆ ಯಾಕಿಲ್ಲ?

ಇಷ್ಟೆಲ್ಲ ಬೈಯುವ ಹಕ್ಕು ನನಗಿದೆಯಾ ಅಂತ ಕೇಳಿದರೆ, ಇಲ್ಲ. ದ್ವಾರಕಾದ ನಮ್ಮ ಸೊಸೈಟಿಗೆ ಎರಡು ವರ್ಷ ನಾನು ಸೆಕ್ರೆಟರಿ. ಕಮಿಟಿಯಲ್ಲಿ ನಿವೃತ್ತ ಇಂಜಿನಿಯರ್ ಒಬ್ಬರಿದ್ದರು. ಪ್ರತಿ ಮೀಟಿಂಗಿನಲ್ಲೂ ನನ್ನ ಲೆಕ್ಕಕ್ಕೆ ತಕರಾರು. ನಾಲ್ಕು ಜನರನ್ನು ಸೇರಿಸಿಕೊಂಡು ಉಪಾಯವಾಗಿ ಅವರನ್ನು ಹೊರಗೆ ಕಳಿಸಿದೆ. ಆಮೇಲೆ ಮೀಟಿಂಗು ಇಪ್ಪತ್ತೇ ನಿಮಿಷದಲ್ಲಿ ಮುಗಿಯತೊಡಗಿತು. ಆಡಳಿತ ಅಂದ್ರೆ ಇದು ಅಂತ ನನಗೆ ಭಾರೀ ಹೆಮ್ಮೆ!

ಜೂನ್ ಬಂತು. ಮೇಲಿನ ಟ್ಯಾಂಕಿಗೆ ನೀರು ಏರೋದು ನಿಂತಿತು. ಪಂಪು ಸರಿ ಇದೆ, ಸಂಪಿನಲ್ಲಿ ನೀರಿದೆ, ಪೈಪಿನಲ್ಲಿ ಏನಾಗಿದೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಒಬ್ಬರೇ, ಅವರ ಮನೆ ನನ್ನ ಮನೆಯ ಎದುರು ಬ್ಲಾಕಿನಲ್ಲಿ. ಮೂರು ದಿನ ನಾನು ಹೋಗಲಿಲ್ಲ. ಟ್ಯಾಂಕರ್ ತರಿಸಿದೆ. ಮೂರನೇ ದಿನ ಬಕೆಟ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಅಜ್ಜಿಯೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವತ್ತು ರಾತ್ರಿ ಹೋಗಿ ಬಾಗಿಲು ತಟ್ಟಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬಂದು, ಪಾರ್ಕಿಂಗಿನಲ್ಲಿ ಒಂದು ಕಾರು ಸರಿಸಲು ಹೇಳಿ, ಅದರ ಕೆಳಗಿನ ಮುಚ್ಚಳ ತೆಗೆಸಿ, ಒಂದು ವಾಲ್ವ್ ತಿರುಗಿಸಿದರು. ಹತ್ತು ನಿಮಿಷ. ನನಗೆ ಒಂದು ಮಾತೂ ಅನ್ನಲಿಲ್ಲ.

ಅಜ್ಜಿ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ನಾನು ರಾಜೀನಾಮೆ ಕೊಟ್ಟು, ಮುಂದಿನ ಸೆಕ್ರೆಟರಿ ಸ್ಥಾನಕ್ಕೆ ಆ ಇಂಜಿನಿಯರ್ ಹೆಸರನ್ನು ನಾನೇ ಸೂಚಿಸಿದೆ. ಅವರು ಒಪ್ಪಲಿಲ್ಲ.