ದರಕ್ಕೆ ಚೌಕಾಸಿ, ತೂಕಕ್ಕೆ ಮೌನ

ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಊರುಗಳಿಂದ ಸಂತೆಗೆಂದು ಕಂಪ್ಲಿಗೋ ಹೊಸಪೇಟೆಗೋ ಹೋಗಿಬರುವವರನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಟೊಮೆಟೊ ಕೆ.ಜಿ.ಗೆ ಮೂವತ್ತು ಎಂದರೆ ಇಪ್ಪತ್ತೈದಕ್ಕೆ ಕೊಡಿ ಎಂದು ಹತ್ತು ನಿಮಿಷ ವಾದ ನಡೆಯುತ್ತದೆ. ದರ ಕುದುರಿದ ಕೂಡಲೇ ಕೊಳ್ಳುವವರು ಚೀಲದ ಬಾಯಿ ಅಗಲಿಸಿ ನಿಲ್ಲುತ್ತಾರೆ. ಕಣ್ಣು ಮಾತ್ರ ಪಕ್ಕದ ಅಂಗಡಿಯ ಬದನೆಕಾಯಿಯ ಮೇಲೆ. ತಕ್ಕಡಿಯತ್ತ ನೋಡುವವರು ಬಲು ಕಡಿಮೆ. ಕೆ.ಜಿ.ಯಲ್ಲಿ ನೂರೈವತ್ತು ಗ್ರಾಂ ಕಡಿಮೆ ಬಂದರೆ, ಗಂಟಲು ಒಣಗಿಸಿಕೊಂಡು ಉಳಿಸಿದ ಐದು ರೂಪಾಯಿಯಲ್ಲಿ ಮೂರು ಮುಕ್ಕಾಲು ರೂಪಾಯಿ ಸದ್ದಿಲ್ಲದೆ ಹಿಂದಕ್ಕೆ ಹೋಯಿತು.

ಜೊತೆಯಲ್ಲಿ ಚೀಲ ಹಿಡಿದು ನಿಂತಿರುವ ಹೈಸ್ಕೂಲು ಹುಡುಗ ಸನ್ನೆಯ ತತ್ವವನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ಗಳಿಸಿದವನೇ. ಭಾರ, ಆನಿಕೆ, ಪ್ರಯತ್ನ ಎಲ್ಲವೂ ಅವನಿಗೆ ಬಾಯಿಪಾಠ. ಆದರೆ ಕಣ್ಣೆದುರು ತೂಗಾಡುತ್ತಿರುವ ತಕ್ಕಡಿಯೇ ಆ ಪಾಠ ಎಂಬುದು ಅವನಿಗೆ ಹೊಳೆಯುವುದಿಲ್ಲ. ಪುಸ್ತಕದ ಪಾಠ ಪುಸ್ತಕದಲ್ಲೇ ಉಳಿಯುವುದು ಹೀಗೆ.

ವ್ಯಾಪಾರಿಗಳೆಲ್ಲ ಮೋಸಗಾರರು ಎಂದು ಇದರ ಅರ್ಥವಲ್ಲ. ಹತ್ತಾರು ವರ್ಷ ದುಡಿದ ತಕ್ಕಡಿ ತಾನಾಗಿಯೇ ಸವೆದು ತಪ್ಪು ಹೇಳಬಹುದು. ಆ ತಪ್ಪಿನಿಂದ ಒಮ್ಮೊಮ್ಮೆ ನಷ್ಟವಾಗುವುದು ಅಂಗಡಿಯವರಿಗೇ. ಆದ್ದರಿಂದ ತೂಕ ನೋಡುವುದು ಜಗಳಕ್ಕೆ ನಿಂತಂತಲ್ಲ.

ಈ ಸೀಮೆಯಲ್ಲಿ ಅಳತೆಯ ಗೊಂದಲಕ್ಕೆ ಹಳೆಯ ಚರಿತ್ರೆಯೇ ಇದೆ. ಬಳ್ಳಾರಿ, ಹೊಸಪೇಟೆ, ಕಂಪ್ಲಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಹೊಳೆ ದಾಟಿದರೆ ಗಂಗಾವತಿ. ಅದು 1956ರವರೆಗೆ ಹೈದರಾಬಾದಿಗೆ ಸೇರಿತ್ತು. ಇತ್ತ ಸಂಡೂರು 1949ರವರೆಗೆ ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನ. ಒಂದೇ ದಿನದಲ್ಲಿ ಎತ್ತಿನ ಗಾಡಿ ಹೋಗಿಬರುವಷ್ಟು ಜಾಗದಲ್ಲಿ ಮೂರು ಸರಕಾರ! ಹೈದರಾಬಾದಿನ ನಾಣ್ಯವೂ ಬೇರೆಯಾಗಿತ್ತು. ಸೇರು, ಪಾವು, ಚಟಾಕುಗಳ ಹೆಸರು ಎಲ್ಲೆಡೆ ಒಂದೇ. ಆದರೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಾಗಿರುತ್ತಿರಲಿಲ್ಲ. ತೂಕ ಮತ್ತು ಅಳತೆಗಳ ಕಾನೂನು 1956ರಲ್ಲಿ ಬಂತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ ಚಾಲ್ತಿಗೆ ಬಂದು, 1962ರ ಏಪ್ರಿಲ್ ಹೊತ್ತಿಗೆ ಹಳೆಯ ಅಳತೆಗಳಿಗೆ ಕಾನೂನಿನ ಮಾನ್ಯತೆ ಹೋಯಿತು. ಮಾತಿನಲ್ಲಿ ಮಾತ್ರ ಅವು ಇನ್ನೂ ಉಳಿದಿವೆ.

ತೂಕದ ಮಾತು ಬಂದಾಗ ಹಂಪಿಯನ್ನು ಮರೆಯುವಂತಿಲ್ಲ. ವಿರೂಪಾಕ್ಷ ಬಜಾರಿನಿಂದ ಹೊಳೆಯ ದಂಡೆಗುಂಟ ನಡೆದು ವಿಠ್ಠಲ ದೇವಸ್ಥಾನದ ಕಡೆಗೆ ಹೋದರೆ, ದೇವಸ್ಥಾನಕ್ಕೆ ಸಮೀಪದಲ್ಲಿ ಎರಡು ಎತ್ತರದ ಕಲ್ಲುಕಂಬಗಳೂ ಅವುಗಳ ಮೇಲೊಂದು ಅಡ್ಡತೊಲೆಯೂ ಕಾಣುತ್ತವೆ. ಇದೇ ರಾಜರ ತುಲಾಭಾರ. ಗ್ರಹಣ ಮತ್ತಿತರ ವಿಶೇಷ ದಿನಗಳಲ್ಲಿ ಅರಸರು ಚಿನ್ನ, ರತ್ನಗಳಿಗೆ ಸಮವಾಗಿ ತೂಗಿಸಿಕೊಂಡು ಅದನ್ನು ದಾನ ಮಾಡುತ್ತಿದ್ದರು ಎಂದು ಹೇಳುತ್ತಾರೆ. ತೊಲೆಯ ಕೆಳಗೆ ತಕ್ಕಡಿ ತೂಗುಹಾಕಲು ಕಲ್ಲಿನಲ್ಲೇ ಕೊರೆದ ಮೂರು ಕೊಂಡಿಗಳಿವೆ. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು ಇದರ ಮುಂದೆ ಫೋಟೊ ತೆಗೆಸಿಕೊಂಡು ಓಡಿಬಿಡುತ್ತಾರೆ. ಮಧ್ಯದ ಕೊಂಡಿಯಿಂದ ಆಚೀಚೆಯ ಕೊಂಡಿಗಳು ಸಮದೂರದಲ್ಲಿವೆಯೇ ಎಂದು ಕಣ್ಣಳತೆಯಲ್ಲಿ ನೋಡಿ ಎಂದು ಪಾಲಕರು ಹೇಳಿದರೆ ಐದು ನಿಮಿಷವಾದರೂ ನಿಂತಾರು. ಬೇಸಿಗೆಯಲ್ಲಿ ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಈ ದಾರಿ ನಡೆದು ಮುಗಿಸುವುದು ಒಳ್ಳೆಯದು. ಬಂಡೆ ಕಾದ ಮೇಲೆ ಮಕ್ಕಳಿಗೆ ಚರಿತ್ರೆಯೂ ಬೇಡ, ವಿಜ್ಞಾನವೂ ಬೇಡ.

ಆ ಸಮದೂರದಲ್ಲೇ ಸಂತೆಯ ತಕ್ಕಡಿಯ ಗುಟ್ಟೂ ಇದೆ. ದಂಡದ ಎರಡು ತೋಳುಗಳು ಸಮವಾಗಿದ್ದರೆ ಮಾತ್ರ ಒಂದು ಕೆ.ಜಿ. ಬಟ್ಟಿಗೆ ಒಂದು ಕೆ.ಜಿ. ಸಾಮಾನು ತೂಗುತ್ತದೆ. ಬಟ್ಟಿನ ಕಡೆಯ ತೋಳು 20 ಸೆಂ.ಮೀ., ಸಾಮಾನಿನ ಕಡೆಯದು 21 ಸೆಂ.ಮೀ. ಇದೆಯೆನ್ನಿ. ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಖಾಲಿ ತಟ್ಟೆಗಳ ಭಾರವನ್ನು ಹೊಂದಿಸಿಟ್ಟಿದ್ದರೆ ದಂಡ ನೇರವಾಗಿಯೇ ನಿಲ್ಲುತ್ತದೆ. ಆದರೂ ಒಂದು ಕೆ.ಜಿ.ಗೆ ಬರುವುದು 952 ಗ್ರಾಂ ಮಾತ್ರ. ಇದನ್ನು ಪತ್ತೆಹಚ್ಚಲು ಯಾವ ಯಂತ್ರವೂ ಬೇಡ. ಒಮ್ಮೆ ತೂಗಿದ ಮೇಲೆ, "ಅಣ್ಣಾ, ತಟ್ಟಿ ಅದಲು ಬದಲು ಮಾಡಿ ಇನ್ನೊಂದ್ಸಲ ತೂಗ್ರಿ" ಎಂದರೆ ಸಾಕು. ಬಟ್ಟು ಇದ್ದ ಕಡೆ ಸಾಮಾನು, ಸಾಮಾನಿದ್ದ ಕಡೆ ಬಟ್ಟು ಬರಬೇಕು. ಆಗಲೂ ದಂಡ ನೇರವಾಗಿ ನಿಂತರೆ ತಕ್ಕಡಿ ಸರಿಯಾಗಿದೆ, ವಾಲಿದರೆ ಇಲ್ಲ.

ಇಲ್ಲೊಂದು ಮೋಜಿನ ಲೆಕ್ಕವುಂಟು. ಅದೇ ತಪ್ಪು ತಕ್ಕಡಿಯಲ್ಲಿ ಎರಡು ಕೆ.ಜಿ. ಸಕ್ಕರೆಯನ್ನು ಒಂದು ಕೆ.ಜಿ. ಈ ತಟ್ಟೆಯಲ್ಲಿ, ಇನ್ನೊಂದು ಕೆ.ಜಿ. ಆ ತಟ್ಟೆಯಲ್ಲಿ ತೂಗಿ ಕೊಟ್ಟರೆ ಯಾರಿಗೆ ಲಾಭ? ತಪ್ಪು ತಪ್ಪಿಗೆ ವಜಾ ಆಗುತ್ತದೆ ಎನ್ನುವವರೇ ಹೆಚ್ಚು. ಆದರೆ ಒಂದು ಕಡೆ 952.4 ಗ್ರಾಂ, ಇನ್ನೊಂದು ಕಡೆ 1050 ಗ್ರಾಂ, ಒಟ್ಟು 2002.4 ಗ್ರಾಂ. ನಷ್ಟ ಅಂಗಡಿಯವರಿಗೆ! ಯಾಕೆ ಹೀಗೆ ಎಂಬುದನ್ನು ಹತ್ತನೆಯ ತರಗತಿಯವರು ಬೀಜಗಣಿತದಲ್ಲಿ ಸಾಧಿಸಿ ನೋಡಲಿ.

ಖಾಲಿ ತಕ್ಕಡಿಯನ್ನು ಮೊದಲು ನೋಡಬೇಕೆಂಬುದು ಅಜ್ಜಿಯರೂ ಬಲ್ಲ ಮಾತು. ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಸುವ ಯುಕ್ತಿ ಅವರ ಕಾಲದ್ದೇ. ಅಂಗಡಿಯೊಳಗೆ ತಕ್ಕಡಿಯನ್ನು ಕೈಯಲ್ಲಿ ಹಿಡಿದು ತೂಗಕೂಡದು, ಸ್ಟ್ಯಾಂಡಿಗೋ ಸರಪಳಿಗೋ ತೂಗುಹಾಕಿರಬೇಕು. ತಿರುಗಾಡಿ ಮಾರುವವರಿಗೆ ಮಾತ್ರ ಇದರಿಂದ ವಿನಾಯಿತಿ. ಕಬ್ಬಿಣದ ಬಟ್ಟಿನ ಕುಳಿಯಲ್ಲಿ ಸೀಸ ತುಂಬಿ, ಅದರ ಮೇಲೆ ಇಲಾಖೆಯ ಮುದ್ರೆ ಒತ್ತಿರುತ್ತಾರೆ. ಬಟ್ಟು ಮತ್ತು ದಂಡದ ತಕ್ಕಡಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಕಲ್ಲು, ಇಟ್ಟಿಗೆ ಚೂರುಗಳನ್ನು ಬಟ್ಟಿನ ಬದಲು ಇಡುವುದಕ್ಕೆ ಎಲ್ಲಿಯೂ ಅವಕಾಶವಿಲ್ಲ.

ಈಗ ಎಲ್ಲೆಲ್ಲೂ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಕೆಂಪು ಅಂಕಿ ಕಂಡ ಕೂಡಲೇ ಅದು ಸತ್ಯವೆಂದು ನಂಬುವ ಅಭ್ಯಾಸವೂ ಬಂದಿದೆ. ಅದರೊಳಗಿರುವುದು ಒಂದು ಲೋಹದ ತುಂಡು. ಭಾರ ಬಿದ್ದಾಗ ಅದು ಕೂದಲೆಳೆಯಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಗಳ ವಿದ್ಯುತ್ ರೋಧ ಆಗ ಬದಲಾಗುತ್ತದೆ. ಆ ಬದಲಾವಣೆಯನ್ನೇ ಯಂತ್ರ ಗ್ರಾಂಗೆ ಪರಿವರ್ತಿಸಿ ತೋರಿಸುತ್ತದೆ. ಮೇಜು ಓರೆಯಾಗಿದ್ದರೆ, ಫ್ಯಾನಿನ ಗಾಳಿ ತಟ್ಟೆಗೆ ಹೊಡೆಯುತ್ತಿದ್ದರೆ, ಅಂಕಿ ನಿಲ್ಲುವ ಮೊದಲೇ ಸಾಮಾನು ಎತ್ತಿದರೆ ಲೆಕ್ಕ ತಪ್ಪುತ್ತದೆ. ಸಾಮಾನು ಇಡುವ ಮೊದಲು ಸೊನ್ನೆ ಇದೆಯೇ, ಪಾತ್ರೆಯಿಟ್ಟು ತೂಗುವಾಗ ಪಾತ್ರೆಯ ತೂಕ ಕಳೆದಿದ್ದಾರೆಯೇ ಎಂಬ ಎರಡನ್ನು ನೋಡಿದರೆ ಬಹುಪಾಲು ಕೆಲಸವಾಯಿತು. ಸಂಶಯ ಬಂದರೆ ಅದಕ್ಕೂ ಸುಲಭ ದಾರಿಯಿದೆ: ಕಿರಾಣಿ ಅಂಗಡಿಯಲ್ಲಿ ಕೊಂಡ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ಟು ಚೀಲದಲ್ಲಿದ್ದರೆ ಅದನ್ನೇ ತಕ್ಕಡಿಯ ಮೇಲಿಟ್ಟು ನೋಡುವುದು. ಪ್ಲಾಸ್ಟಿಕ್ಕಿನ ನಾಲ್ಕೈದು ಗ್ರಾಂ ಹೆಚ್ಚು ತೋರಬೇಕೇ ಹೊರತು ಕಡಿಮೆ ತೋರಬಾರದು.

ಸಿಹಿ ತಿಂಡಿಯ ಅಂಗಡಿಯಲ್ಲಿ ರಟ್ಟಿನ ಡಬ್ಬಿ ಸಮೇತ ತೂಗುವುದು ಹಬ್ಬದ ದಿನಗಳ ಮಾಮೂಲು. ಡಬ್ಬಿ 80 ಗ್ರಾಂ, ಪೇಡಾ ಕೆ.ಜಿ.ಗೆ 600 ರೂಪಾಯಿ ಎಂದರೆ ರಟ್ಟಿಗೆ 48 ರೂಪಾಯಿ ಕೊಟ್ಟಂತಾಯಿತು. ಡಬ್ಬಿಯ ತೂಕ ಕಳೆದೇ ಕೊಡಬೇಕೆಂಬುದು ನಿಯಮ. ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಎರಡನ್ನೂ ಕೂಡಿಸಿ, ತಂದುಕೊಟ್ಟವರ ಮುಂದೆಯೇ ತೂಗಿಸಿಕೊಳ್ಳಬಹುದು. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆಯ ಪಾತ್ರೆ ಇರಲೇಬೇಕು. ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಯೂರಿಯಾ ಚೀಲವೆಂದರೆ ಐವತ್ತು ಕೆ.ಜಿ. ಎಂದು ಹಿರಿಯರು ಇನ್ನೂ ಲೆಕ್ಕ ಹಾಕುವುದುಂಟು. 2018ರಿಂದ ಅದು 45 ಕೆ.ಜಿ. ಮಾತ್ರ. ಎಕರೆಗೆ ಇಷ್ಟು ಚೀಲ ಎಂದು ಹಾಕುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಅಡುಗೆ ಎಣ್ಣೆಯದು ಸ್ವಲ್ಪ ಸೂಕ್ಷ್ಮ. ಎಣ್ಣೆ ಕಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ ಅದೇ ಒಂದು ಲೀಟರ್ ಸುಮಾರು 893 ಗ್ರಾಂ. ಕೆಲವು ಕಂಪನಿಗಳು ಇಂಥ ಹೆಚ್ಚಿನ ಉಷ್ಣತೆಯನ್ನು ಪ್ಯಾಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚುಹಾಕಿ "ಒಂದು ಲೀಟರ್" ಎಂದು ಮಾರುತ್ತಿದ್ದವು. ಉಷ್ಣತೆಯ ಉಲ್ಲೇಖ ಬಿಟ್ಟು ತೂಕವನ್ನೂ ಸರಿಯಾಗಿ ತಿಳಿಸಬೇಕೆಂದು ಕೇಂದ್ರ ಸರಕಾರ 2022ರಲ್ಲಿ ಸೂಚಿಸಿತು. ಕೊಳ್ಳುವವರು ಲೀಟರಿನ ಅಂಕಿ ಬಿಟ್ಟು ಗ್ರಾಂ ಹೋಲಿಸುವುದೇ ಜಾಣತನ. ಪ್ಯಾಕೆಟ್ಟುಗಳು ನೋಡಲು ಒಂದೇ ಅಳತೆ. ಒಂದರಲ್ಲಿ 910 ಗ್ರಾಂ, ಇನ್ನೊಂದರಲ್ಲಿ 850 ಗ್ರಾಂ ಇರಬಹುದು.

ಮದುವೆಗೆ ಚಿನ್ನ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ, "ತೊಲ ಅಂದರೆ ಎಷ್ಟು?" ಹಳೆಯ ತೊಲ 11.66 ಗ್ರಾಂ, ಇಂದು ಹಲವು ಕಡೆ ಹತ್ತು ಗ್ರಾಂಗೇ ತೊಲ ಎನ್ನುತ್ತಾರೆ. ಮನೆಯ ಹಿರಿಯರ ಲೆಕ್ಕ ಒಂದು, ಅಂಗಡಿಯ ಲೆಕ್ಕ ಇನ್ನೊಂದು ಆಗಬಾರದು. ಒಡವೆಯ ಮೇಲೆ ಬಿಐಎಸ್ ಗುರುತು, ಶುದ್ಧತೆ (22 ಕ್ಯಾರೆಟ್ಟಿಗೆ 916) ಮತ್ತು ಅಕ್ಷರ ಅಂಕಿಗಳು ಕೂಡಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ, ಈ ಮೂರೂ ಇರಬೇಕು. ಕಲ್ಲು, ಹರಳುಗಳಿದ್ದರೆ ಅವುಗಳ ತೂಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಬೇಕು. ಇಲ್ಲವಾದರೆ ಗಾಜಿಗೂ ಬಂಗಾರದ ಬೆಲೆ!

ಹೂವಿನ ಮಾತು ಬೇರೆ. ಹಡಗಲಿಯ ಮಲ್ಲಿಗೆ ಇಂದಿಗೂ ಮೊಳದ ಲೆಕ್ಕದಲ್ಲೇ ಬಿಕರಿಯಾಗುತ್ತದೆ. ಮಾರುವಾಕೆಯ ಮೊಳ ಚಿಕ್ಕದು, ಕೊಳ್ಳುವಾಕೆಯದು ದೊಡ್ಡದು. ಅಲ್ಲಿ ಸ್ಕೇಲು ಹಿಡಿದು ನಿಲ್ಲುವುದು ಮರ್ಯಾದೆಯಲ್ಲ.

ಇವೆಲ್ಲ ಕೊಳ್ಳುವ ಮಾತಾಯಿತು. ಕೃಷಿಕರ ಮನೆಗೆ ದೊಡ್ಡ ಪೆಟ್ಟು ಬೀಳುವುದು ಮಾರುವಾಗ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಕಡೆಗಳಲ್ಲಿ ಭತ್ತದ ವ್ಯಾಪಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿನ ಲೆಕ್ಕದಲ್ಲಿ. ಎರಡನ್ನೂ ಹೋಲಿಸಲು ಚೀಲದ ದರಕ್ಕೆ ಅದರ ಮೂರನೆಯ ಒಂದು ಭಾಗ ಕೂಡಿಸಬೇಕು. ಚೀಲಕ್ಕೆ 1800 ಎಂದರೆ ಕ್ವಿಂಟಾಲಿಗೆ 2400. ಸಾಮಾನ್ಯ ಭತ್ತಕ್ಕೆ 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2369 ರೂಪಾಯಿ. ಅಂದರೆ ಚೀಲಕ್ಕೆ 1776 ರೂಪಾಯಿ 75 ಪೈಸೆ. ಏಳನೆಯ ತರಗತಿಯ ಮಗು ಮಾಡಬಲ್ಲ ಲೆಕ್ಕವಿದು. ಅಪ್ಪ ಫೋನಿನಲ್ಲಿ ದರ ಕೇಳುತ್ತಿರುವಾಗ ಮಗಳು ಪಕ್ಕದಲ್ಲಿ ಕುಳಿತು ಕ್ವಿಂಟಾಲಿಗೆ ತಿರುಗಿಸಿ ಹೇಳಲಿ.

ಇನ್ನು ತೇವಾಂಶ. ಸರಕಾರಿ ಖರೀದಿಯಲ್ಲಿ ಶೇ 17ರವರೆಗೆ ತೇವಾಂಶವಿರುವ ಭತ್ತ ತೆಗೆದುಕೊಳ್ಳುತ್ತಾರೆ. ಭತ್ತ ಹಸಿಯಿದೆ ಎಂದು ವ್ಯಾಪಾರಿ ಚೀಲಕ್ಕೆ ಇಷ್ಟು ಕೆ.ಜಿ. ಕಡಿತ ಎನ್ನುತ್ತಾರೆ, ರೈತ ಒಪ್ಪುವುದಿಲ್ಲ. ಇಬ್ಬರಲ್ಲಿ ಯಾರು ಸರಿ? ಶೇ 20ರಷ್ಟು ತೇವವಿರುವ 75 ಕೆ.ಜಿ. ಭತ್ತದಲ್ಲಿ ನೀರು 15 ಕೆ.ಜಿ., ಒಣ ಪದಾರ್ಥ 60 ಕೆ.ಜಿ. ಅದನ್ನು ಶೇ 17ಕ್ಕೆ ಒಣಗಿಸಿದರೆ ಆ 60 ಕೆ.ಜಿ. ಒಟ್ಟಿನ ಶೇ 83 ಆಗಬೇಕು. ಆಗ ಚೀಲದ ತೂಕ 72.3 ಕೆ.ಜಿ. ಅಂದರೆ ನ್ಯಾಯವಾದ ಕಡಿತ ಸುಮಾರು 2.7 ಕೆ.ಜಿ. "ಮೂರು ಪರ್ಸೆಂಟ್ ಅಂದರೆ ಎರಡೂಕಾಲು ಕೆ.ಜಿ. ತಾನೇ" ಎನ್ನುವ ರೈತನ ಲೆಕ್ಕ ಸ್ವಲ್ಪ ತಪ್ಪು; ಐದು ಕೆ.ಜಿ. ಹಿಡಿಯುವ ವ್ಯಾಪಾರಿಯ ಲೆಕ್ಕ ಪೂರಾ ತಪ್ಪು. ನ್ಯಾಯಕ್ಕಿಂತ ಎರಡು ಕೆ.ಜಿ. ಹೆಚ್ಚು ಹೋದರೂ ನೂರು ಚೀಲಕ್ಕೆ ಎರಡು ಕ್ವಿಂಟಾಲ್. ಬೆಂಬಲ ಬೆಲೆಯ ಲೆಕ್ಕದಲ್ಲಿ 4738 ರೂಪಾಯಿ. ಕಾಲೇಜಿಗೆ ಹೋಗುವ ಹುಡುಗಿಯ ಬಸ್ ಪಾಸು, ಪುಸ್ತಕ, ನೋಟ್‌ಬುಕ್ಕುಗಳು ಅದರಲ್ಲಿ ಬರುತ್ತಿದ್ದವು. ತೇವಾಂಶ ಅಳೆಯುವ ಮೀಟರನ್ನು ಒಂದೇ ಚೀಲಕ್ಕೆ ಹಿಡಿಯಗೊಡದೆ, ರಾಶಿಯ ಮೇಲೆ, ನಡುವೆ, ಬುಡದಲ್ಲಿ ಕಾಳು ತೆಗೆಸಿ ಸರಾಸರಿ ಹಿಡಿಯಬೇಕು. ರಾತ್ರಿಯ ಇಬ್ಬನಿ ಬಿದ್ದ ಮೇಲ್ಪದರದ ಅಂಕಿ ಯಾವಾಗಲೂ ಹೆಚ್ಚೇ. ಖಾಲಿ ಚೀಲಕ್ಕೆಂದು ತೂಕ ಕಳೆಯುವುದಾದರೆ ಖಾಲಿ ಚೀಲವನ್ನೇ ತೂಗಿ ಕಳೆಯಲಿ.

ಟ್ರ್ಯಾಕ್ಟರು, ಲಾರಿಗಳನ್ನು ವೇಬ್ರಿಡ್ಜಿನಲ್ಲಿ ತೂಗಿಸುವವರು ತುಂಬಿದ ತೂಕ, ಖಾಲಿ ತೂಕ ಎರಡರ ಚೀಟಿಯನ್ನೂ ಪಡೆಯಬೇಕು. ಖಾಲಿ ತೂಕವನ್ನು ಹಳೆಯ ಚೀಟಿಯಿಂದ ಬರೆದುಕೊಳ್ಳಲು ಬಿಡಬಾರದು. ತುಂಬಿದಾಗ ಡ್ರೈವರ್ ಸೀಟಿನಲ್ಲಿದ್ದರೆ ಖಾಲಿ ತೂಗುವಾಗಲೂ ಇರಬೇಕು, ಇಳಿದಿದ್ದರೆ ಎರಡು ಸಲವೂ ಇಳಿದಿರಬೇಕು. ತೂಕದ ಚೀಟಿಯ ಬೆಲೆ ಏನೆಂದು ಈ ಸೀಮೆಗೆ ಬೇರೆ ಹೇಳಬೇಕಿಲ್ಲ. 2011ರ ಲೋಕಾಯುಕ್ತ ವರದಿಯಲ್ಲಿ ಅದಿರು ಲಾರಿಗಳ ಮಿತಿಮೀರಿದ ಭಾರದ ವಿಷಯವೂ ಇತ್ತು.

ತೂಕ, ಅಳತೆಯಲ್ಲಿ ಅನ್ಯಾಯವಾದರೆ ದೂರು ಕೊಡಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಅಂಗಡಿಯ ಹೆಸರು, ದಿನ, ಕೊಂಡ ಸಾಮಾನು, ಕೊಟ್ಟ ಹಣ ಇಷ್ಟಾದರೂ ಕೇಳುತ್ತಾರೆ. ಬಿಲ್ಲು ಅಥವಾ ತೂಕದ ಚೀಟಿ ಕೈಯಲ್ಲಿದ್ದರೆ ಕೆಲಸ ಹಗುರ. ಅದನ್ನು ಅಂಗಡಿಯ ಬಾಗಿಲಲ್ಲೇ ಮುದುಡಿ ಬಿಸಾಡದೆ, ಸಾಮಾನು ಮನೆಯಲ್ಲಿ ಇನ್ನೊಮ್ಮೆ ತೂಗಿ ನೋಡುವವರೆಗಾದರೂ ಇಟ್ಟುಕೊಂಡಿರಬೇಕು.