ಹೊಸ ಮೀಟರ್ ಹಾಕಿಸಿ, ಹಳೇ ಲೆಕ್ಕ ಬಿಡಬೇಡಿ

ಹೋದ ವರ್ಷ ಯುಗಾದಿ ಕಳೆದ ಮೇಲೆ ಅಪ್ಪನ ಸ್ಪ್ಲೆಂಡರ್ ಮಾರಿದೆವು. ಅಪ್ಪ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವವರು. ತಿಪಟೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಆ ಗಾಡಿ ಹೋಗದ ತೆಂಗಿನ ತೋಟವಿಲ್ಲ. ಮಾರುವ ದಿನ ಅದರ ಮೀಟರ್ ತೋರಿಸುತ್ತಿದ್ದದ್ದು 7,260 ಕಿಲೋಮೀಟರ್. ಹನ್ನೊಂದು ವರ್ಷ ಓಡಿದ ಗಾಡಿ!

ಆಗಿದ್ದಿಷ್ಟು. ಅದಕ್ಕೂ ಒಂದು ವರ್ಷ ಮೊದಲು ಹಳೇ ಮೀಟರ್ 61,840ಕ್ಕೆ ನಿಂತುಹೋಗಿತ್ತು. ಎರಡು ತಿಂಗಳು ಹಾಗೇ ಓಡಿಸಿದರು. ಆಮೇಲೆ ಹೊಸ ಮೀಟರ್ ಹಾಕಿಸಿದರು. ಹೊಸದು ಸೊನ್ನೆಯಿಂದ ಶುರುವಾಯಿತು.

ಮಾರುವ ಮುಂಚೆ ಗ್ಯಾರೇಜಿನವನು ಹೇಳಿದ, "ಅಣ್ಣ, ಮೀಟರ್ ಬದಲಾಯಿಸಿದ್ದು ಬಾಯಿ ಬಿಡಬೇಡಿ. ಏಳು ಸಾವಿರ ಅಂತ ಕಂಡ್ರೆ ನಾಲ್ಕೈದು ಸಾವಿರ ಜಾಸ್ತಿ ಸಿಗುತ್ತೆ." ನಿಜ ಹೇಳಬೇಕೆಂದರೆ, ನನಗೂ ಅದು ಸರಿ ಅನ್ನಿಸಿತು. ನಾವು ಮೀಟರ್ ತಿರುಗಿಸಿಲ್ಲ, ಸುಳ್ಳೂ ಹೇಳುತ್ತಿಲ್ಲ, ಸುಮ್ಮನಿದ್ದರೆ ಸಾಕಲ್ಲ ಅಂದುಕೊಂಡೆ.

ಅಪ್ಪ ಒಪ್ಪಲಿಲ್ಲ. ಆರ್‌ಸಿ ಇಟ್ಟ ಕವರಿನಲ್ಲಿ ಒಂದು ಚೀಟಿ ಇತ್ತು. ಹಳೇ ಮೀಟರಿನ ಅಂಕಿ, ಬದಲಾಯಿಸಿದ ತಾರೀಖು ಎರಡನ್ನೂ ಅದರಲ್ಲಿ ಬರೆದಿಟ್ಟಿದ್ದರು. ಗಾಡಿ ನೋಡಲು ಬಂದ ಪಕ್ಕದೂರಿನ ಹುಡುಗನ ಮುಂದೆ ಅದನ್ನೇ ಇಟ್ಟರು. "61,840ಕ್ಕೆ ಈ 7,260 ಸೇರಿಸಪ್ಪ, 69,100 ಆಯ್ತು. ಮೀಟರ್ ಕೆಟ್ಟಿದ್ದ ಎರಡು ತಿಂಗಳಿಗೆ ದಿನಕ್ಕೆ 20ರಂತೆ ಇನ್ನೊಂದು 1,200 ಹಿಡಿ. ಎಪ್ಪತ್ತು ಸಾವಿರ ದಾಟಿದೆ. ನೋಡ್ಕೊಂಡು ರೇಟು ಹೇಳು" ಅಂದರು. ರೇಟು ಕಡಿಮೆಯೇ ಆಯಿತು. ನನಗೆ ಅವತ್ತು ಸಿಟ್ಟು ಬಂದಿತ್ತು.

ಈಗ ಯೋಚಿಸಿದರೆ ಅಪ್ಪ ಮಾಡಿದ್ದೇ ಸರಿ. ಅದು ಒಳ್ಳೆಯತನದ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಹೌದು.

ಆ ಹುಡುಗ ಆಗಷ್ಟೇ ಕೆಲಸಕ್ಕೆ ಸೇರಿದ್ದವನು. ಏಳು ಸಾವಿರದ ಗಾಡಿ ಅಂದುಕೊಂಡು ಒಯ್ದಿದ್ದರೆ ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಬ್ರೇಕ್ ಯಾವುದನ್ನೂ ಬಿಚ್ಚಿ ನೋಡುತ್ತಿರಲಿಲ್ಲ. ಆರು ತಿಂಗಳಿಗೆ ಎಂಜಿನ್ ಬಿಚ್ಚಿಸುವ ಹೊತ್ತು ಬಂದರೆ ಸಾಲ ಮಾಡಬೇಕು. ಆಗ ಅವನು ಬೈಯುವುದು ಮೀಟರನ್ನಲ್ಲ, ನಮ್ಮಪ್ಪನನ್ನು. ಮೋಟಾರ್ ರಿಪೇರಿಗೆ ಅವನ ಊರಿಗೂ ಹೋಗಬೇಕಲ್ಲ!

ಕೆಟ್ಟ ಮೀಟರ್ ಬದಲಾಯಿಸುವುದು ತಪ್ಪಲ್ಲ, ಬದಲಾಯಿಸಲೇಬೇಕು. ಹಳೇ ಲೆಕ್ಕ ಕಳೆದುಹಾಕುವುದು ತಪ್ಪು. ಅದಕ್ಕೂ ಮೊದಲು, ಕೆಟ್ಟಿರುವುದು ಮೀಟರೇ ಹೌದೋ ಅಲ್ಲವೋ ನೋಡಿಕೊಳ್ಳಿ.

ಕೇಬಲ್ ಇರುವ ಗಾಡಿಗಳಲ್ಲಿ ಮುಂದಿನ ಚಕ್ರದ ಹತ್ತಿರ ಒಂದು ಸಣ್ಣ ಗೇರ್ ಇರುತ್ತದೆ. ಚಕ್ರ ತಿರುಗಿದಂತೆ ಅದು ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ಮೀಟರಿನೊಳಗೆ ಆ ತಂತಿ ಎರಡು ಬೇರೆ ಕೆಲಸ ಮಾಡುತ್ತದೆ. ಒಂದು, ಅಯಸ್ಕಾಂತ ತಿರುಗಿಸಿ ಸ್ಪೀಡಿನ ಮುಳ್ಳನ್ನು ಎಳೆಯುವುದು. ಇನ್ನೊಂದು, ಹಲ್ಲಿನ ಚಕ್ರಗಳ ಮೂಲಕ ಕಿಲೋಮೀಟರ್ ಅಂಕಿ ಉರುಳಿಸುವುದು. ಹಾಗಾಗಿ ಮುಳ್ಳು, ಅಂಕಿ ಎರಡೂ ಒಟ್ಟಿಗೆ ನಿಂತರೆ ಮೊದಲು ಕೇಬಲ್ ಮತ್ತು ಚಕ್ರದ ಗೇರ್ ನೋಡಿಸಿ. ಮುಳ್ಳು ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ಮೀಟರಿನೊಳಗಿನ ಹಲ್ಲು ಸವೆದಿರಬಹುದು. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆಯೋ ಮಡಚಿದೆಯೋ ನೋಡಿ. ಕೇಬಲ್ ಬೆಲೆ ಮೀಟರಿನ ಮುಂದೆ ಏನೂ ಅಲ್ಲ. ಕೇಬಲ್ ಹೋಗಿದ್ದಕ್ಕೆ ಮೀಟರನ್ನೇ ಬದಲಾಯಿಸಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ.

ಮೀಟರೇ ಹೋಗಿದ್ದರೆ ಬಿಚ್ಚುವ ಮೊದಲು ಫೋನಿನಲ್ಲಿ ಅದರ ಫೋಟೊ ತೆಗೆಯಿರಿ. ನಿಮ್ಮ ಗಾಡಿಯ ಮಾಡೆಲಿನದೇ ಮೀಟರ್ ಕೇಳಿ. ಬೇರೆ ಗಾಡಿಯದು ಸ್ಕ್ರೂಗೆ ಕೂತರೂ ಲೆಕ್ಕಕ್ಕೆ ಕೂರದೆ ಇರಬಹುದು. ಚಕ್ರದ ಅಳತೆ, ಗೇರಿನ ಹಲ್ಲು ಬೇರೆಯಾದರೆ ಕಿಲೋಮೀಟರೂ ಬೇರೆಯಾಗುತ್ತದೆ. ಬಿಲ್ಲಿನ ಮೇಲೆ ಹಳೇ ರೀಡಿಂಗ್, ತಾರೀಖು ಬರೆಸಿಕೊಳ್ಳಿ. ಬಿಲ್ ಕೊಡದ ಗ್ಯಾರೇಜಾದರೆ ಅಪ್ಪನ ಹಾಗೆ ಚೀಟಿ ಬರೆದು ಆರ್‌ಸಿ ಜೊತೆ ಇಡಿ. ಡಿಜಿಟಲ್ ಮೀಟರಿನ ಗಾಡಿಯಾದರೆ ಹಳೇ ರೀಡಿಂಗ್ ಹೊಸದಕ್ಕೆ ತರಲು ಆಗುತ್ತದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ.

ಹಾಕಿಸಿದ ಮೇಲೆ ಪರೀಕ್ಷೆ ಮಾಡುವುದೂ ಸುಲಭ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಸಾಕು. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಹತ್ತು ಕಿಲೋಮೀಟರ್ ಓಡಿಸಿ, ಫೋನಿನ ಮ್ಯಾಪಿನಲ್ಲೂ ಅಷ್ಟೇ ಬರುತ್ತದೆಯೇ ನೋಡಿ. ಹತ್ತಕ್ಕೆ ಮೀಟರ್ 11 ತೋರಿಸಿದರೆ, "ನನ್ನ ಗಾಡಿ ಲೀಟರಿಗೆ 55 ಕೊಡುತ್ತೆ" ಅನ್ನುವವನ ಗಾಡಿ ನಿಜಕ್ಕೂ ಕೊಡುವುದು 50. ಮೈಲೇಜ್ ಬಿದ್ದಿದೆಯೋ ಇಲ್ಲವೋ, ಆಯಿಲ್ ಬದಲಾಯಿಸುವ ಹೊತ್ತು ಬಂದಿದೆಯೋ ಇಲ್ಲವೋ, ಎಲ್ಲವೂ ಈ ಅಂಕಿಯ ಮೇಲೇ ನಿಂತಿದೆ. ಮೀಟರ್ ಕೆಟ್ಟ ಗಾಡಿಗೆ ಆಯಿಲ್ ಹಾಕಿಸುವುದನ್ನು ಮರೆತು ಎಂಜಿನ್ ಹಾಳು ಮಾಡಿಕೊಂಡವರು ಪ್ರತಿ ಊರಲ್ಲೂ ಇದ್ದಾರೆ.

ಕೊಳ್ಳುವವರಿಗೂ ಒಂದು ಮಾತು. ಮೀಟರ್ ಒಂದನ್ನೇ ನಂಬಬೇಡಿ. ಹಳೇ ಮಾದರಿಯ ಐದು ಅಂಕಿಯ ಮೀಟರ್ 99,999 ದಾಟಿದರೆ ತಾನಾಗಿಯೇ ಸೊನ್ನೆಗೆ ಬರುತ್ತದೆ. ಕೈ ಪಳಗಿದವರು ಮೀಟರ್ ಬಿಚ್ಚಿ ಅಂಕಿ ಹಿಂದಕ್ಕೂ ತಿರುಗಿಸುತ್ತಾರೆ. ಸವೆದ ಫುಟ್‌ರೆಸ್ಟ್ ರಬ್ಬರ್, ನುಣ್ಣಗಾದ ಹ್ಯಾಂಡಲ್ ಗ್ರಿಪ್, ಚೂಪಾದ ಸ್ಪ್ರಾಕೆಟ್ ಹಲ್ಲು, ಸೈಲೆನ್ಸರಿನ ನೀಲಿ ಹೊಗೆ ಇವನ್ನು ತಿರುಗಿಸಲು ಆಗುವುದಿಲ್ಲ. ಸರ್ವಿಸ್ ಪುಸ್ತಕ ಇದ್ದರೆ ಕೇಳಿ. "ಮೀಟರ್ ಯಾವತ್ತಾದರೂ ಬದಲಾಯಿಸಿದ್ದೀರಾ?" ಎಂದು ನೇರವಾಗಿ ಕೇಳಿ. ಕೇಳಿದ ಮೇಲೂ ಸುಳ್ಳು ಹೇಳುವುದು ಎಲ್ಲರಿಗೂ ಸುಲಭವಲ್ಲ.

"ಗಾಡಿ ಕಂಡೀಷನ್ ನೋಡಬೇಕು, ಕಿಲೋಮೀಟರ್ ಯಾಕೆ?" ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಚೆನ್ನಾಗಿ ನೋಡಿಕೊಂಡ ಎಪ್ಪತ್ತು ಸಾವಿರದ ಗಾಡಿ, ಆಯಿಲ್ಲೇ ಕಾಣದ ಮೂವತ್ತು ಸಾವಿರದ ಗಾಡಿಗಿಂತ ಮೇಲು. ಹಾಗಿದ್ದ ಮೇಲೆ ಎಪ್ಪತ್ತು ಸಾವಿರ ಎಂದು ಹೇಳಿಯೇ ಮಾರಬಹುದಲ್ಲ? ಮುಚ್ಚಿಡುತ್ತಾರೆ ಅಂದರೆ ಆ ಅಂಕಿಗೆ ಬೆಲೆ ಇದೆ ಎಂದೇ ಅರ್ಥ.

ಸರ್ಕಾರವೂ ಇದರಲ್ಲಿ ಒಂದು ಕೆಲಸ ಮಾಡಬಹುದು. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಇರುತ್ತವೆ, ಓಡಿದ ಕಿಲೋಮೀಟರ್ ಇರುವುದಿಲ್ಲ. ಅಮೆರಿಕದಲ್ಲಿ 1972ರಿಂದಲೇ ಇದಕ್ಕೆ ಕಾನೂನಿದೆ. ಅಲ್ಲಿ ಮೀಟರ್ ಬದಲಾಯಿಸಿ ಹಳೇ ರೀಡಿಂಗ್ ತರಲು ಆಗದಿದ್ದರೆ ಸೊನ್ನೆಗೆ ಇಟ್ಟು, ಹಳೇ ಅಂಕಿ ಮತ್ತು ತಾರೀಖು ಬರೆದ ಚೀಟಿಯನ್ನು ವಾಹನದ ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು. ಅಪ್ಪ ಆ ಕಾನೂನು ಓದಿದವರಲ್ಲ, ಮಾಡಿದ್ದು ಮಾತ್ರ ಅದನ್ನೇ. ನಮ್ಮಲ್ಲಿ ಹೊಗೆ ತಪಾಸಣೆಗೆ ಗಾಡಿ ಹೇಗೂ ಹೋಗುತ್ತದೆ, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಅದೇ ಹೊತ್ತಿಗೆ ಮೀಟರಿನದೂ ಒಂದು ಫೋಟೊ ತೆಗೆದು ದಾಖಲೆಗೆ ಸೇರಿಸುವುದು ಕಡ್ಡಾಯವಾಗಲಿ. ಹೆಸರು ವರ್ಗಾವಣೆ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗಲಿ.

ಅದು ಬರುವವರೆಗೆ ಕಾಯಬೇಕಿಲ್ಲ. ಇವತ್ತೇ ನಿಮ್ಮ ಗಾಡಿಯ ಮೀಟರಿನ ಒಂದು ಫೋಟೊ ತೆಗೆದಿಡಿ. ನಾಳೆ ಅದು ಕೆಟ್ಟರೆ ಹಳೇ ಲೆಕ್ಕವಾದರೂ ನಿಮ್ಮ ಕೈಯಲ್ಲಿರುತ್ತದೆ.

ಅಂದಹಾಗೆ, ಆ ಹುಡುಗ ಈಗಲೂ ಅದೇ ಸ್ಪ್ಲೆಂಡರ್ ಓಡಿಸುತ್ತಿದ್ದಾನೆ. ಕೊಂಡ ವಾರವೇ ಚೈನ್ ಸ್ಪ್ರಾಕೆಟ್ ಬದಲಾಯಿಸಿದನಂತೆ. ಹೋದ ತಿಂಗಳು ಅವನ ತೋಟದ ಮೋಟಾರ್ ಕೆಟ್ಟಾಗ ಫೋನ್ ಬಂದಿದ್ದು ಅಪ್ಪನಿಗೇ.